ಎರಡೂವರೆ ತಾಸಿನ ದಿಲ್ಲಿ

ದಿಲ್ಲಿ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೊಬೈಲಿನಲ್ಲಿ ನೋಡಿಕೊಳ್ಳಿ, ಬೇಕಾದಷ್ಟು ಲೆಕ್ಕ ಸಿಗುತ್ತದೆ. ಬೆಳಗಾವಿಯಿಂದ ವಿಮಾನದಲ್ಲಿ ಎರಡೂವರೆ ತಾಸು ಎಂದು ಅದು ಹೇಳುತ್ತದೆ, ಸುಳ್ಳೇನೂ ಅಲ್ಲ. ಆದರೆ ಆ ಮಾತನ್ನು ನಂಬಿ ಹೋದ ಒಬ್ಬ ಮನುಷ್ಯ ನನಗೆ ಗೊತ್ತು. ಅವನ ಕಥೆ ಹೇಳುತ್ತೇನೆ. ಕೇಳಿದ ಮೇಲೆ ದೂರ ಎಷ್ಟೆಂದು ನೀವೇ ಹೇಳಿ.

ಅವನ ಹೆಸರು ಬೀರಸಿದ್ದಪ್ಪ, ತುಕ್ಕಾನಟ್ಟಿಯ ಕುರಿಗಾರ. ನಾನು ದ್ರಾಕ್ಷಾಯಿಣಿ, ಬೆಲ್ಲದ ಬಾಗೇವಾಡಿಯವಳು. ಯಜಮಾನರು ತೀರಿಕೊಂಡ ಮೇಲೆ ಹೊಲ ನಾನೇ ನೋಡಿಕೊಳ್ಳುತ್ತೇನೆ. ಬಾಯಿ ಸ್ವಲ್ಪ ಜೋರು ಎಂದು ಊರೆಲ್ಲ ಹೇಳುತ್ತದೆ, ಹೇಳಲಿ. ನಮ್ಮ ಸೋಯಾ ರಾಶಿ ಮುಗಿದು ಹೊಲ ಖಾಲಿಯಾಗುವ ಹೊತ್ತಿಗೆ ಪ್ರತಿ ವರ್ಷ ಅವನು ಹಿಂಡು ಹೊಡೆದುಕೊಂಡು, ಮೇಲವಂಕಿ, ಗೋಕಾಕ ದಾಟಿ ನಮ್ಮ ಕಡೆ ಬರುತ್ತಾನೆ. ಹೊಲದಲ್ಲಿ ಗೂಟ ಬಡಿದು, ಸುತ್ತ ಬಲೆ ಕಟ್ಟಿ ಹಟ್ಟಿ ಹಾಕುತ್ತಾನೆ. ಕುರಿ ಕೂತು ಎದ್ದ ನೆಲಕ್ಕೆ ಬೇರೆ ಗೊಬ್ಬರ ಬೇಕಿಲ್ಲ. ಅವರು ಇರುವಷ್ಟು ದಿನ ಅವರ ಜೋಳ, ಬೇಳೆ, ಎಣ್ಣೆ ನಮ್ಮ ಮನೆಯದು. ನನ್ನ ಮಾವನ ಕಾಲದಿಂದ ಇದು ಹೀಗೇ ನಡೆದುಬಂದಿದೆ. ನಾನು ಅವನಿಗೆ ಕಾಕಾ ಎನ್ನುತ್ತೇನೆ, ಅವನು ನನಗೆ ಅವ್ವಾರ ಎನ್ನುತ್ತಾನೆ.

ಕಾಕಾ ಹುಟ್ಟಿದ್ದೇ ದಾರಿಯಲ್ಲಿ. ಹಿಂಡು ಮೇಲವಂಕಿ ದಾಟುತ್ತಿದ್ದಾಗ ಅವನ ತಾಯಿಗೆ ಹಳ್ಳದ ದಂಡೆಯಲ್ಲಿ ಬ್ಯಾನಿ ಬಂದು, ಅಲ್ಲೇ ಬೇವಿನ ಗಿಡದ ಕೆಳಗೆ ಹೆತ್ತಳಂತೆ. "ನಂದು ಯಾವೂರೂ ಅಲ್ರಿ ಅವ್ವಾರ, ಎರಡೂರಿನ ನಡುವಿಂದು" ಎಂದು ನಗುತ್ತಿದ್ದ. ಹಣೆಗೆ ಬೀರದೇವರ ಅರಿಶಿನದ ಭಂಡಾರ, ತಲೆಗೆ ಕೆಂಪು ರುಮಾಲು, ಮುಖ ತುಂಬ ಬಿಳಿ ಮೀಸೆ. ಹಟ ಮಾತ್ರ ಟಗರಿನದು, ಹಿಡಿದದ್ದು ಬಿಡುವವನಲ್ಲ. ಇನ್ನು ಅವನ ಕೂಗು! ಸಂಜೆ ಹಟ್ಟಿಯ ಬಾಯಲ್ಲಿ ನಿಂತು "ಹುರ್ರೋ... ಬಾ ಬಾ ಬಾ" ಎಂದು ಒಮ್ಮೆ ಎತ್ತಿದನೆಂದರೆ ದಿನ್ನೆಯ ಆಚೆ ಮೇಯುತ್ತಿದ್ದ ಕುರಿಯೂ ಬಾಯಲ್ಲಿನ ಹುಲ್ಲು ಬಿಟ್ಟು ಓಡಿಬರುತ್ತಿತ್ತು. ನನ್ನ ಎಮ್ಮೆ ಬೆದರಿ ಹಾಲು ಏರಿಸಿಕೊಳ್ಳುತ್ತಿತ್ತು. "ಕಾಕಾ, ಗಂಟಲಿಗೆ ಏನ್ ಮದ್ದ ಹಾಕ್ತೀರಿ?" ಎಂದು ನಾನು ಬೈದರೆ ಇನ್ನೊಮ್ಮೆ ಬೇಕೆಂದೇ ಕೂಗುತ್ತಿದ್ದ, ಪುಣ್ಯಾತ್ಮ.

ಅವನ ಹೆಂಡತಿ ಲಗಮವ್ವ. ಮಾತು ಕಡಿಮೆ, ಕಣ್ಣು ಜಾಸ್ತಿ. ಯಾವ ಕುರಿ ಕುಂಟುತ್ತದೆ, ಯಾವುದು ಮೇವು ಬಿಟ್ಟಿದೆ ಎಂದು ರೊಟ್ಟಿ ಬಡಿಯುತ್ತಲೇ ಹೇಳುವವಳು. ಮಗ ಅಶೋಕ, ಮದುವೆ ವಯಸ್ಸಿನವನು, ಅಪ್ಪನ ಜೊತೆಗೇ ಕುರಿ ಕಾಯುತ್ತಾನೆ. ಹಿಂಡಿನ ಮುಂದಾಳು ಕೆಂಚಿ ಎಂಬ ಹಳೆಯ ಕುರಿ, ಕೊರಳಲ್ಲಿ ಹಿತ್ತಾಳೆ ಗಂಟೆ. ಕೆಂಚಿ ಎತ್ತ ಹೋದರೆ ಹಿಂಡು ಅತ್ತ.

ಈಗ ಕಂಬಳಿಯ ವಿಷಯ ಹೇಳಬೇಕು, ಇಡೀ ಕಥೆ ನಿಂತಿರುವುದೇ ಅದರ ಮೇಲೆ. ಕಾಕಾನ ಕರಿ ಕಂಬಳಿ ಬಹಳ ಹಳೆಯದು, ಅಂಚೆಲ್ಲ ಸವೆದಿತ್ತು. ಹಗಲೆಲ್ಲ ಅವನ ಹೆಗಲ ಮೇಲೆ, ಸಂಜೆಯಾದರೆ ಹಟ್ಟಿಯ ನಡುವೆ ಹಾಸಿಗೆ. ಅದರ ಮೇಲೆ ಅವನು ಮಲಗಿದರೆ ಸುತ್ತ ಕುರಿಗಳು ಮಲಗುತ್ತಿದ್ದವು. ಅವನ ಬೆವರು, ಬೀಡಿ, ಭಂಡಾರ ಎಲ್ಲ ಕೂಡಿದ ಆ ವಾಸನೆಯೇ ಅವುಗಳಿಗೆ ಮನೆ. ಹೀಗಾಗಿ ಅವನ ಅಪ್ಪನ ಕಾಲದಿಂದ ಒಂದು ಕಟ್ಟಳೆ ಇತ್ತು. ಹಿಂಡು ಬಿಟ್ಟು ಹತ್ತಿರದ ಊರಿಗೆ ಹೋಗುವಾಗ ಕಂಬಳಿ ಹೆಗಲ ಮೇಲಿರಲಿ. ಹಟ್ಟಿಗೆ ಏನಾದರೂ ಆದರೆ ಸುದ್ದಿ ಮುಟ್ಟಿದ ಕೂಡಲೇ, ಹೊತ್ತು ಮುಳುಗುವ ಮುಂಚೆ ತಿರುಗಿ ಬರಬಹುದಲ್ಲ. ದೂರದ ಊರಾದರೆ ಕಂಬಳಿ ಹಟ್ಟಿಯಲ್ಲೇ ಬಿಡಬೇಕು. ಬರಲಾಗದವನ ಬದಲು ಅದು ಕುರಿ ಕಾಯುತ್ತದೆ. ಯಾವ ಊರು ಹತ್ತಿರ, ಯಾವುದು ದೂರ ಎಂದು ಅವರು ನೋಡುತ್ತಿದ್ದದ್ದು ತಾಸಿನ ಮೇಲೆ. ಕಿಲೋಮೀಟರ್ ಅವರ ಬಾಯಲ್ಲಿ ನಾನು ಕೇಳಿದವಳೇ ಅಲ್ಲ.

ಎರಡು ವರ್ಷದ ಹಿಂದಿನ ಮಾತು, ಕಬ್ಬಿನ ಹಂಗಾಮು ಭರ್ತಿ ನಡೆದಿತ್ತು. ಬೆಳಗಾವಿಯಿಂದ ಕಾಜಲ್ ಎಂಬ ಹುಡುಗಿ ನಮ್ಮ ಹೊಲಕ್ಕೆ ಬಂದಳು. ಕುರಿಗಾರರ ಸಲುವಾಗಿ ಕೆಲಸ ಮಾಡುವ ಯಾವುದೋ ಸಂಸ್ಥೆಯವಳು. ದಿಲ್ಲಿಯಲ್ಲಿ ದೇಶದ ಕುರಿಗಾರರೆಲ್ಲ ಸೇರುವ ಸಭೆ ಇದೆ, ನಮ್ಮ ಸೀಮೆಯಿಂದ ಬೀರಸಿದ್ದಪ್ಪ ಕಾಕಾ ಬರಬೇಕು, ಟಿಕೆಟ್ ನಾವೇ ತೆಗೆಸಿದ್ದೇವೆ ಎಂದಳು. ಕಾಕಾ ಮೀಸೆ ತಿರುವಿದ. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಚಹಾ ಮಾಡಿ ಕೊಟ್ಟೆ.

"ಎಷ್ಟ ದೂರ ಐತಿ ತಂಗಿ, ದಿಲ್ಲಿ?" ಎಂದು ಕಾಕಾ ಕೇಳಿದ.

ಕಾಜಲ್ ಮೊಬೈಲ್ ತೆಗೆದು ನೋಡಿದಳು. "ಸಾವಿರದ ಐನೂರು ಕಿಲೋಮೀಟರ್ ಹತ್ರ ಐತ್ರಿ ಕಾಕಾ. ಆದ್ರ ಅಂಜಬ್ಯಾಡ್ರಿ. ಸಾಂಬ್ರಾದಾಗ ವಿಮಾನ ಹತ್ತಿದ್ರ ಬರೇ ಎರಡೂವರೆ ತಾಸು."

"ಎರಡೂವರೆ ತಾಸ?" ಕಾಕಾ ತೊಡೆ ತಟ್ಟಿದ. "ತುಕ್ಕಾನಟ್ಟಿಯಿಂದ ಬಸ್ ಬದ್ಲಿ ಮಾಡಿ ಇಲ್ಲಿಗೆ ಬರಾಕ ಅಷ್ಟ ಬೇಕಲ್ಲೋ! ಹಂಗಾರ ಇದು ದೂರ ಅಲ್ಲ ಬಿಡು."

ಒಲೆಯ ಮುಂದಿದ್ದ ಲಗಮವ್ವ ತಲೆ ಎತ್ತಿದಳು. "ಹಿಂಡ ಹೊಡಕೊಂಡ ಹೋದ್ರ ಎಷ್ಟ ದಿನ ಆಕ್ಕೈತಿ ತಂಗಿ?"

ಕಾಜಲ್ ನಕ್ಕಳು. "ಅಯ್ಯ ಕಾಕು, ತಿಂಗಳಾನಗಟ್ಟಲೆ ಬೇಕ್ರಿ."

"ಹಂಗಾರ ಅದು ದೂರನ" ಎಂದು ಲಗಮವ್ವ ಮತ್ತೆ ಹಿಟ್ಟು ನಾದತೊಡಗಿದಳು.

ಹೊರಡುವ ಹಿಂದಿನ ಸಂಜೆ ಗಂಡ ಹೆಂಡಿರ ನಡುವೆ ಇದೇ ಜಗಳವಾಯಿತು. ಲಗಮವ್ವ ಹಳೆಯ ಕಂಬಳಿಯನ್ನು ಮಡಿಚಿ ಅದರ ಮೇಲೆಯೇ ಕೂತುಬಿಟ್ಟಳು. "ಹೊಸಾದು ಒಯ್ರಿ. ಇದು ಹಟ್ಟ್ಯಾಗ ಇರಲಿ."

"ಹೊಸಾದಕ್ಕ ಹುಣಸಿಬೀಜದ ಗಂಜಿ ಇನ್ನೂ ಬಿಟ್ಟಿಲ್ಲ, ಹಲಿಗಿ ಹಲಿಗಿ ಆಗೇತಿ. ಅದನ್ನ ಹಾಕ್ಕೊಂಡ ನಾಕ ಮಂದ್ಯಾಗ ಹೆಂಗ ನಿಂದ್ರಲಿ? ಎರಡೂವರೆ ತಾಸಿನ ದಾರಿ. ಏನರ ಆದ್ರ ಫೋನ್ ಮಾಡ್ರಿ, ಹೊಳ್ಳಿ ಬರತೀನಿ."

"ತಾಸಿನ ಮಾತ ಬ್ಯಾಡ್ರಿ. ನಡುವ ಎಷ್ಟ ನೆಲ ಐತಿ, ಅದನ್ನ ಹೇಳ್ರಿ."

"ನೆಲ ಕಟಗೊಂಡ ನನಗೇನ ಆಗಬೇಕಾಗೇತಿ? ನಾ ಮ್ಯಾಲ ಹೊಂಟೇನಿ!" ಎಂದು ಕಾಕಾ ಆಕಾಶಕ್ಕೆ ಕೈ ತೋರಿಸಿದ. ಅಶೋಕ ಹೊಟ್ಟೆ ಹಿಡಿದು ನಕ್ಕ, ನಾನೂ ನಕ್ಕೆ. ಲಗಮವ್ವ ಮಾತ್ರ ನಗಲಿಲ್ಲ. ಕಾಕಾನ ತಲೆಯಲ್ಲಿ ಇದ್ದದ್ದು ಗೋಕಾಕದ ಬಸ್‌ಸ್ಟ್ಯಾಂಡು. ಅಲ್ಲಿ ಒಂದು ಬಸ್ಸು ತಪ್ಪಿದರೆ ಇನ್ನೊಂದು ನಿಂತಿರುತ್ತದೆ, ಬೇಕಾದಾಗ ಹತ್ತಬಹುದು. ವಿಮಾನವೂ ಹಾಗೇ ಎಂದು ಅವನು ತಿಳಿದಿದ್ದ. ಹಾಗಲ್ಲ ಎಂದು ಹೇಳುವಷ್ಟು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ಬೆಳಿಗ್ಗೆ ಕಾಜಲ್‌ಳ ಗಾಡಿ ಬಂತು. ಕಾಕಾ ಹಣೆಗೆ ಭಂಡಾರ ಬಳಿದುಕೊಂಡು, ಹಳೆಯ ಕಂಬಳಿ ಹೆಗಲಿಗೆ ಹಾಕಿಕೊಂಡು ಹಟ್ಟಿಯಿಂದ ಹೊರಬಿದ್ದ. ಆಗ ಕೆಂಚಿ ಬಂದು ದಾರಿಗೆ ಅಡ್ಡ ನಿಂತಿತು. ಕಂಬಳಿಯ ಅಂಚನ್ನು ಬಾಯಲ್ಲಿ ಹಿಡಿಯಿತು. "ಏ ಬಿಡ, ಬಿಡವಾ, ಬರೂ ಮುಂದ ನಿನಗ ದಿಲ್ಲಿ ಬೆಲ್ಲ ತರತೀನಿ" ಎಂದು ಅವನು ಜಗ್ಗಿದ. ಕೆಂಚಿ ಬಿಡಲೇ ಇಲ್ಲ. ಜೋರಾಗಿ ಎಳೆದಾಗ ಅಂಚು ಹರಿದು ಒಂದಿಷ್ಟು ಉಣ್ಣೆ ಅದರ ಬಾಯಲ್ಲೇ ಉಳಿಯಿತು. ಲಗಮವ್ವನ ಕಡೆ ನೋಡಿದೆ, ಅವಳು ಗಾಡಿಯನ್ನು ನೋಡುತ್ತಿರಲಿಲ್ಲ, ಕೆಂಚಿಯನ್ನು ನೋಡುತ್ತಿದ್ದಳು.

ಅವತ್ತು ಸಂಜೆ ಹಿಂಡು ಹಟ್ಟಿಗೇನೋ ಬಂತು, ಆದರೆ ಕೂರಲಿಲ್ಲ. ಎಲ್ಲ ಕುರಿಗಳೂ ರಸ್ತೆಯ ಕಡೆ ಮುಖ ಮಾಡಿ ನಿಂತವು. ಮೆಲುಕಿಲ್ಲ, ಸದ್ದಿಲ್ಲ. ಅಷ್ಟು ಕುರಿ ಒಂದೆಡೆ ಸುಮ್ಮನೆ ನಿಂತದ್ದನ್ನು ನಾನು ನೋಡಿಯೇ ಇರಲಿಲ್ಲ. ಲಗಮವ್ವ ಹೊಸ ಕಂಬಳಿ ತಂದು ನಡುವೆ ಹಾಸಿದಳು. ಕೆಂಚಿ ಬಂದು ಮೂಸಿತು, ಹಿಂದೆ ಸರಿಯಿತು. ಉಳಿದವು ಆ ಕಂಬಳಿಯನ್ನು ಸುತ್ತು ಬಳಸಿ ನಡೆದವು, ಒಂದೂ ತುಳಿಯಲಿಲ್ಲ. ಹಿಂಡಿನ ನಾಯಿಯೂ ರೊಟ್ಟಿ ಮುಟ್ಟಲಿಲ್ಲ.

ಮರುದಿನ ಕಾಕಾ ಫೋನ್ ಮಾಡಿದ. ಚಳಿ ಭಾಳ ಐತಿ, ಮಂದಿ ಭಾಳ ಅದಾರ, ನನ್ನ ಕಂಬಳಿ ನೋಡಿ ಎಲ್ಲಾರೂ ಫೋಟೋ ತಗೋಳಾಕತ್ತಾರ ಎಂದೆಲ್ಲ ಹೇಳಿದ. ಬೆಳಗಾವಿ ಬಿಟ್ಟು ಒಂದು ನಿದ್ದೆ ಮಾಡುವಷ್ಟರಲ್ಲಿ ಇಳಿಸಿದರಂತೆ. ಲಗಮವ್ವ ಎಲ್ಲ ಕೇಳಿ, "ಕುರಿ ಕುಂಡ್ರವಲ್ವು" ಎಂದಳು. "ಕುಂಡ್ರತಾವ ತಗಿ, ನಾಳಿಗೆ ಕುಂಡ್ರತಾವ" ಎಂದು ಅವನು ಇಟ್ಟುಬಿಟ್ಟ. ಆ ದಿನವೂ ಅವು ಕೂರಲಿಲ್ಲ. ನಿಂತು ನಿಂತು ಕಾಲು ನಡುಗುತ್ತಿದ್ದ ಗಬ್ಬದ ಕುರಿಗಳನ್ನು ಲಗಮವ್ವ ಒಂದೊಂದಾಗಿ ಹಿಡಿದು ಮಲಗಿಸಿದರೆ, ಅವಳು ಬೆನ್ನು ತಿರುಗಿಸುವಷ್ಟರಲ್ಲಿ ಎದ್ದು ನಿಲ್ಲುತ್ತಿದ್ದವು.

ಮೂರನೆಯ ದಿನ ಹೊತ್ತು ಮುಳುಗುವ ಮುಂದೆ, ಬಾಜೂ ಹೊಲದ ಅಲ್ಲಪ್ಪ ಕಬ್ಬು ಕಡಿದು ಉಳಿದ ರವದಿಗೆ ಬೆಂಕಿ ಹಚ್ಚಿದ. ಅದರಲ್ಲಿ ಅವನ ತಪ್ಪಿಲ್ಲ. ಈ ಕಡೆ ಎಲ್ಲರೂ ಕಬ್ಬಿನ ಒಣ ಸೋಗೆ ಸುಡುತ್ತಾರೆ, ನಮಗೆ ಹೇಳಿಯೇ ಹಚ್ಚಿದ್ದ. ಬೇರೆ ವರ್ಷ ಇಂಥ ಬೆಂಕಿ ಬಿದ್ದಾಗ ಕುರಿಗಳು ಕಾಕಾನ ಕಂಬಳಿಯ ಸುತ್ತ ಒತ್ತೊತ್ತಾಗಿ ಕೂತು ನೋಡುತ್ತಿದ್ದವು, ಅಷ್ಟೇ. ಈ ಸಲ ಪಟಪಟ ಸದ್ದು ಏಳುತ್ತಿದ್ದಂತೆ ಹಿಂಡು ಒಮ್ಮೆಗೇ ಹೌಹಾರಿತು. ಬಲೆ ಹರಿಯಿತು, ಗೂಟ ಕಿತ್ತು ಬಂದವು. ನಾವು ಬಾಯಿ ತೆರೆಯುವಷ್ಟರಲ್ಲಿ ಹೊಲ ಖಾಲಿ. ರಸ್ತೆಯ ಆಚೆಗೆ ಇನ್ನೂ ಕಡಿಯದ ಕಬ್ಬು ಆಳೆತ್ತರ ನಿಂತಿತ್ತು, ಕುರಿಗಳೆಲ್ಲ ರಸ್ತೆ ದಾಟಿ ಅದರೊಳಗೆ ನುಗ್ಗಿದ್ದವು. ಒಳಗಿನಿಂದ ಬರೇ ಅರಚಾಟ ಕೇಳುತ್ತಿತ್ತು.

ಲಗಮವ್ವ ಕೂಗಿದಳು, ಅಶೋಕ ಕೂಗಿದ. ನಾಲ್ಕಾರು ಹೊರಗೆ ಬಂದವು, ಅಷ್ಟೇ. ಕತ್ತಲಾಗುತ್ತಿತ್ತು. ಆ ಕಬ್ಬಿನಲ್ಲಿ ತೋಳ ಇರುವುದು ನಮಗೆಲ್ಲ ಗೊತ್ತು, ಹಿಂದಿನ ತಿಂಗಳಷ್ಟೇ ಒಂದು ಕರುವನ್ನು ತಿಂದಿತ್ತು. ಬೆಳಗಿನವರೆಗೆ ಅಲ್ಲಿ ಬಿಟ್ಟರೆ ಹಿಂಡು ಉಳಿಯುವುದಿಲ್ಲ. ಹಿಂಡು ಹೋದರೆ ಆ ಮನೆತನದ ಕೈಯಲ್ಲಿ ಕೋಲೊಂದೇ ಉಳಿಯುತ್ತದೆ.

ನಮ್ಮ ತಗ್ಗಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಅಶೋಕ ರಸ್ತೆಯ ಏರಿಗೆ ಓಡಿ ಅಪ್ಪನಿಗೆ ಫೋನ್ ಹಚ್ಚಿದ, ನಾವೂ ಹಿಂದೆ ಓಡಿದೆವು. "ಅಪ್ಪಾ, ಹಿಂಡ ಒಡೀತು! ಎಲ್ಲಾ ಕಬ್ಬಿನ್ಯಾಗ ಹೊಕ್ಕಾವು!"

"ತಡಿ, ಅಂಜಬ್ಯಾಡ, ನಾ ಬಂದ್ನಿ. ಎರಡೂವರೆ ತಾಸು!" ಎಂದ ಕಾಕಾ. ಅವನು ಆ ಕಡೆ ಯಾರನ್ನೋ ಕರೆಯುವುದು ಕೇಳಿಸಿತು. ಆಮೇಲೆ ಕಾಜಲ್‌ಳ ಸಣ್ಣ ದನಿ: "ಕಾಕಾ, ಇವತ್ತ ವಿಮಾನ ಇಲ್ರಿ. ನಾಳೆನೂ ಇಲ್ರಿ. ನಾಡಿದ್ದೇ ಐತ್ರಿ."

"ಇಲ್ಲಂದ್ರ? ಮುಂದಿಂದು?"

"ಮುಂದಿಂದು ಅಂತ ಇರೂದಿಲ್ರಿ ಕಾಕಾ. ವಾರಕ್ಕ ಎರಡ ದಿನ ಅಷ್ಟ ಹಾರತೈತ್ರಿ."

ಕಾಕಾ ಬೇರೆಯೇ ದನಿಯಲ್ಲಿ, "ಹಂಗಾರ ಫೋನ್ ಜೋರ ಮಾಡ ಅಶೋಕ. ನಾ ಇಲ್ಲಿಂದನ ಕೂಗತೀನಿ" ಎಂದ.

ಮೊಬೈಲಿನ ಸದ್ದು ಎಷ್ಟು ದೂರ ಹೋದೀತು? ಅಷ್ಟರಲ್ಲಿ ಶುಭಮ್ ಎಂಬ ಡ್ರೈವರ್ ಫ್ಯಾಕ್ಟರಿಗೆ ಕಬ್ಬು ಹಾಕಿ ಖಾಲಿ ಟ್ರ್ಯಾಕ್ಟರ್ ತರುತ್ತಿದ್ದವನು ನಮ್ಮನ್ನು ನೋಡಿ ಏರಿನ ಮೇಲೆ ನಿಲ್ಲಿಸಿದ. ಈಗಿನ ಟ್ರ್ಯಾಕ್ಟರ್ ನಿಮಗೆ ಗೊತ್ತಲ್ಲ, ಎಂಜಿನ್‌ಗಿಂತ ಹಾಡಿನ ಡಬ್ಬಿಗಳೇ ದೊಡ್ಡವು. ವಿಷಯ ತಿಳಿದು, "ಬ್ಲೂಟೂತ್‌ಗೆ ಹಚ್ರಿ, ಹುಕ್ಕೇರಿ ಮಟಾ ಕೇಳಸ್ತೈತಿ" ಎಂದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅಶೋಕ ಹಚ್ಚಿದ.

"ಹುರ್ರೋ... ಬಾ ಬಾ ಬಾ!"

ದಿಲ್ಲಿಯಲ್ಲಿದ್ದ ಮನುಷ್ಯನ ಕೂಗು ನಮ್ಮ ಹೊಲದ ಮೇಲೆ ಗುಡುಗಿತು. ಕಬ್ಬಿನೊಳಗಿನ ಅರಚಾಟ ಟಕ್ಕನೆ ನಿಂತಿತು. ಇನ್ನೊಮ್ಮೆ ಕೂಗಿದ. ಕೆಂಚಿಯ ಗಂಟೆ ಕೇಳಿಸಿತು. ಕಬ್ಬು ಸರಸರ ಅಲುಗಾಡಿತು. "ಬಂದ್ವು, ಬಂದ್ವು!" ಎಂದು ನಾನು ಕುಣಿದೆ, ದೇವರಾಣೆ, ಸಣ್ಣ ಹುಡುಗಿಯ ಹಾಗೆ ಕುಣಿದೆ. ಮೂರು ದಿನದಿಂದ ಹುಡುಕುತ್ತಿದ್ದ ಯಜಮಾನ ಇಲ್ಲೇ, ರಸ್ತೆಯ ಮೇಲೆ ನಿಂತಿದ್ದಾನೆ ಎಂದು ಆ ಮೂಕ ಪ್ರಾಣಿಗಳು ತಿಳಿದವು. ಇಡೀ ಹಿಂಡು ಒಂದೇ ಏಟಿಗೆ ಕಬ್ಬಿನಿಂದ ಹೊರಬಿದ್ದು, ಏರು ಹತ್ತಿ, ದನಿ ಬಂದ ಕಡೆ ರಸ್ತೆಗೆ ಓಡಿಬಂತು.

ಏರಿನ ನೆತ್ತಿಯಿಂದ ಎರಡು ಟ್ರೇಲರ್ ಭರ್ತಿ ಕಬ್ಬು ಹೇರಿದ ಇನ್ನೊಂದು ಟ್ರ್ಯಾಕ್ಟರ್ ಇಳಿದು ಬರುತ್ತಿತ್ತು. ಕಾಕಾನ ಕೂಗಿನಲ್ಲಿ ಅದರ ಸದ್ದು ನಮಗೆ ಕೇಳಲೇ ಇಲ್ಲ. ಅದರ ಡ್ರೈವರನಿಗೆ ಶುಭಮ್‌ನ ಗಾಡಿಯ ದೀಪ ಕಣ್ಣಿಗೆ ಹೊಡೆದು ಕುರಿಗಳು ಕಾಣಲಿಲ್ಲ. ಕಂಡಾಗ ಬ್ರೇಕ್ ಹಾಕಿದ, ಆದರೆ ಅಷ್ಟು ಭಾರ ಇಳಿಜಾರಿನಲ್ಲಿ ಎಲ್ಲಿ ನಿಲ್ಲಬೇಕು? ಹಿಂಡಿನ ನಡುವೆ ಅದು ಹಾದುಹೋಯಿತು. ಆ ಸದ್ದನ್ನು ನಾನು ಹೇಳಲಾರೆ, ಕೇಳಬೇಡಿ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ದಿಲ್ಲಿಯಲ್ಲಿದ್ದ ಅವನಿಗೆ ಏನೂ ತಿಳಿಯದು. ಕುರಿಗಳ ಅರಚಾಟ ಫೋನಿನಲ್ಲಿ ಕೇಳಿ, ಬಂದವು ಎಂಬ ಖುಷಿಯಲ್ಲಿ ಇನ್ನೂ ಜೋರಾಗಿ ಕೂಗತೊಡಗಿದ. "ಬಾ ಬಾ ಬಾ! ಬಂದ್ವೇನ ಅಶೋಕ? ಬಾ ಕೆಂಚಿ, ಬಾ!" ಅವನು ಕೂಗಿದ ಹಾಗೆಲ್ಲ ಹಿಂದೆ ಉಳಿದ ಕುರಿಗಳು ಬಿದ್ದವುಗಳ ಮೇಲೆ ಹಾದು ಮತ್ತೆ ಮತ್ತೆ ಚಕ್ರಗಳ ಕಡೆಗೇ ನುಗ್ಗಿದವು. ಗಾಡಿ ಇನ್ನೂ ಜಾರುತ್ತಲೇ ಇತ್ತು. ಅಶೋಕನ ಕೈಯಿಂದ ಫೋನ್ ಎಲ್ಲೋ ಬಿದ್ದಿತ್ತು, ಶುಭಮ್ ಕಲ್ಲಾಗಿ ನಿಂತಿದ್ದ. ಆಗ ಲಗಮವ್ವ ಡಬ್ಬಿಗಳ ಕಡೆ ಓಡಿ, ಅವುಗಳನ್ನು ಎರಡೂ ಕೈಯಿಂದ ಬಡಿಯುತ್ತ ಕಿರುಚಿದಳು.

"ಬಾಯಿ ಮುಚ್ಚೋ! ನಿನ್ನ ಬಾಯಿ ಮುಚ್ಚೋ!"

ಅಷ್ಟು ವರ್ಷದಲ್ಲಿ ಅವಳು ಗಂಡನಿಗೆ ಹಾಗೆ ಅಂದದ್ದು ಅದೊಂದೇ ಸಲ. ಕೂಗು ನಿಂತಿತು. ಆಮೇಲೆ ರಸ್ತೆಯ ಮೇಲೆ ಸಾಯುವ ಕುರಿಗಳ ಉಸಿರೊಂದೇ ಕೇಳುತ್ತಿತ್ತು.

ದಿಲ್ಲಿಯ ಕಡೆಯದನ್ನು ಕಾಜಲ್ ನನಗೆ ಆಮೇಲೆ ಅಳುತ್ತ ಹೇಳಿದಳು. ಸಭೆಯ ಅಂಗಳದಲ್ಲಿ ಕಾಕಾ ಕಂಬಳಿ ಹೊದ್ದು ನಿಂತು, ಕಣ್ಣು ಮುಚ್ಚಿ, ಗಂಟಲು ಹರಿಯುವಂತೆ ಕೂಗುತ್ತಿದ್ದನಂತೆ. ಮಂದಿ ಇದೂ ಒಂದು ಕಾರ್ಯಕ್ರಮ ಎಂದು ತಿಳಿದು ಸುತ್ತ ನಿಂತು ವಿಡಿಯೋ ಮಾಡಿದರಂತೆ. ಅವನು ಥಟ್ಟನೆ ಕೂಗು ನಿಲ್ಲಿಸಿದಾಗ ಎಲ್ಲರೂ ಚಪ್ಪಾಳೆ ಹೊಡೆದರಂತೆ.

ಅವನು ಬಂದದ್ದು ಎರಡು ದಿನದ ಮೇಲೆ, ಅದೇ ಎರಡೂವರೆ ತಾಸಿನಲ್ಲಿ. ಅಷ್ಟರಲ್ಲಿ ಊರ ಮಂದಿ ಸೇರಿ ಸತ್ತ ಕುರಿಗಳನ್ನು ಜೆಸಿಬಿ ತರಿಸಿ ಗುಂಡಿ ತೋಡಿ ಹುಗಿದಿದ್ದರು. ಅರ್ಧ ಹಿಂಡಿಗಿಂತ ಜಾಸ್ತಿ ಹೋಗಿತ್ತು, ಗಬ್ಬದವೇ ಹೆಚ್ಚು, ಅವಕ್ಕೆ ಓಡಲಾಗಿರಲಿಲ್ಲ. ಕೆಂಚಿಯ ಗಂಟೆಯನ್ನು ಲಗಮವ್ವ ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಕಾಕಾ ಗಾಡಿಯಿಂದ ಇಳಿದು ಹಟ್ಟಿಯ ಹೊರಗೆ ನಿಂತ. ಒಳಗೆ ಬರಲಿಲ್ಲ. ಬೈಯಬೇಕೆಂದು ನಾಲಗೆಯ ತುದಿಗೆ ಬಂದದ್ದನ್ನೆಲ್ಲ ನಾನು ನುಂಗಿದೆ. ಲಗಮವ್ವ ಹೋಗಿ ಅವನ ಹೆಗಲಿನಿಂದ ಕಂಬಳಿ ತೆಗೆದುಕೊಂಡು ಬಂದು ಹಟ್ಟಿಯ ನಡುವೆ ಹಾಸಿದಳು. ಉಳಿದ ಕುರಿಗಳು ಒಂದೊಂದಾಗಿ ಬಂದು ಮೂಸಿ, ಕಾಲು ಮಡಿಚಿ ಕೂತವು. ಅದನ್ನು ನೋಡಿ ಅವನು ನೆಲಕ್ಕೆ ಕುಸಿದು ಹೋ ಎಂದು ಅತ್ತ. ನಾನೂ ಅತ್ತೆ.

"ಅವು ನಾ ಬಾಜೂಕ ಅದೇನಿ ಅಂತ ತಿಳಿದ್ವು ಅವ್ವಾರ" ಎಂದ ನನಗೆ. "ನನ್ನ ದನಿ ಕೇಳಿದ್ರ ನಾ ಬಾಜೂಕನ ಇರ್ತಿದ್ನಿ. ಹುಟ್ಟಿದಾಗಿಂದ ಅವಕ್ಕ ಅಷ್ಟ ಗೊತ್ತು."

ಹೋದ ವರ್ಷ ಅವರು ಬರಲಿಲ್ಲ. ಈ ವರ್ಷ ಬಂದಿದ್ದಾರೆ, ಸಣ್ಣ ಹಿಂಡು. ಕಾಕಾ ಈಗ ಹಳ್ಳಕ್ಕೆ ನೀರಿಗೆ ಹೋಗುವಾಗಲೂ ಕಂಬಳಿ ಹಟ್ಟಿಯಲ್ಲೇ ಬಿಟ್ಟು ಹೋಗುತ್ತಾನೆ, ಚಳಿಯಲ್ಲಿ ಬರಿ ಹೆಗಲು. ನನ್ನ ಎಮ್ಮೆ ಎರಡೂ ಹೊತ್ತು ಸರಿಯಾಗಿ ಹಾಲು ಕೊಡುತ್ತಿದೆ, ಆ ಹಾಲು ಕಂಡರೆ ನನಗೆ ಸಂಕಟವಾಗುತ್ತದೆ.

ನಿನ್ನೆ ಸಂಜೆ ಒಂದು ಮರಿ ದಾರಿ ತಪ್ಪಿ ಕಬ್ಬಿನೊಳಗೆ ಹೋಯಿತು. ಕಾಕಾ ಕಬ್ಬಿನ ಅಂಚಿಗೆ ಹೋಗಿ ನಿಂತ. ಒಳಗಿನಿಂದ ಮರಿ ಅರಚುತ್ತಿತ್ತು, ಹತ್ತು ಹೆಜ್ಜೆ ಒಳಗಿದ್ದಿರಬೇಕು. "ಒಮ್ಮಿ ಕೂಗ್ರಿ ಕಾಕಾ, ಬರತೈತಿ" ಎಂದೆ. ಅವನು ಬಾಯಿ ತೆರೆದ. ಮೊದಲು ರಸ್ತೆಯ ಆ ಕಡೆ ನೋಡಿದ, ಆಮೇಲೆ ಈ ಕಡೆ ನೋಡಿದ. ದನಿ ಹೊರಡಲಿಲ್ಲ. ಕಡೆಗೆ ತಿರುಗಿ ಹೆಂಡತಿಯ ಕಡೆ ನೋಡಿದ. ಲಗಮವ್ವ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದು, ಅವನ ಬಾಜೂ ನಿಂತು, ತಾನೇ ಮರಿಯನ್ನು ಕರೆದಳು.